ಕೋವಿ ಯಾರಿಷ್ಟ?

"ಕೋವಿ ಇಟ್ಕೊಳ್ಳೋದು ನನ್ನಿಷ್ಟ, ಕೇಳೋಕೆ ನೀವ್ಯಾರು?" ಈ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಯಾರಿಷ್ಟ ಸ್ವಾಮಿ? ಬೆಳೆ ಕಾಯಲು ಲೈಸೆನ್ಸು ಕೇಳಬೇಕಾದರೆ ಮೊದಲು ಬೆಳೆ ಬೇಕು, ಬೆಳೆಗೆ ಭೂಮಿ ಬೇಕು, ಭೂಮಿಗೆ ಪಹಣಿ ಬೇಕು. ಮುದ್ದೇನಹಳ್ಳಿ ಸುತ್ತಿನ ಹೊಲಗಳಿಗೆ ಕೂಲಿಗೆ ಹೋಗುವ ನಮ್ಮ ಅವ್ವಂದಿರ ಕೈಲಿರೋದು ಕುಡುಗೋಲು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅವರ ಹಬ್ಬ, ಪದ್ಧತಿಗಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹುಟ್ಟು, ಹಿಡುವಳಿ ನೋಡಿ ಸಿಗುವುದನ್ನು 'ವೈಯಕ್ತಿಕ ಆಯ್ಕೆ' ಅಂತ ಕರೀಬೇಡಿ.

"ಹಂಗಾದ್ರೆ ನಮಗೂ ಕೊಡಲಿ" ಅನ್ನುವ ಹುಡುಗರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರು ಹೇಳೋದು ಕಾನೂನಿಗೆ ಹೊರತಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ, ಅಗತ್ಯ ಬಿದ್ದರೆ ದಲಿತರಿಗೆ ಶಸ್ತ್ರ ಲೈಸೆನ್ಸು ಕೊಡಬೇಕೆಂದೇ ಬರೆದಿದೆ. ಆ ಸಿಟ್ಟು ಎಲ್ಲಿಂದ ಬಂತೆಂದು ನಮಗೆ ಗೊತ್ತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಅಲ್ಲಿ ಕೊಂದದ್ದು ಗುಂಡಲ್ಲ, ಬೆಂಕಿ. ಸುತ್ತ ಗುಂಪು ನಿಂತು ಸೂರಿಗೆ ಬೆಂಕಿ ಇಟ್ಟಾಗ ಒಳಗಿರುವ ಒಂದು ಕೋವಿ ಎಷ್ಟು ಜನರನ್ನು ಉಳಿಸೀತು? ಆಮೇಲೆ ನಡೆದದ್ದನ್ನೂ ನೆನೆಯಿರಿ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಿನಲ್ಲೂ ಅದೇ ತೀರ್ಪು. ಕೂಲಿ ಕೊಡುವವನ ಎದುರು ಕಟಕಟೆ ಹತ್ತಬೇಕಾದವನ ಭಯಕ್ಕೆ ಯಾವ ಕೋವಿ ಮದ್ದು?

ಅಳತೆ ಬಲ್ಲ ಇಂಜಿನಿಯರು ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಮುದ್ದೇನಹಳ್ಳಿ. ಅಪಾಯವನ್ನೂ ಒಮ್ಮೆ ಅಳೆದೇ ನೋಡೋಣ. ಕೋವಿಯನ್ನು ಹಕ್ಕು ಅಂತ ಎದೆಗೊತ್ತಿಕೊಂಡ ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅದರಲ್ಲಿ 26 ಸಾವಿರಕ್ಕೂ ಹೆಚ್ಚು ಜನ ತಮಗೆ ತಾವೇ ಹೊಡೆದುಕೊಂಡವರು! ಕಳ್ಳ ಬರ್ತಾನೆ ಅಂತ ತಂದಿಟ್ಟದ್ದು ಸೋತ ಗಳಿಗೆಯಲ್ಲಿ ಮನೆಯವನ ಕೈಗೇ ಸಿಕ್ಕಿತು. ನಮ್ಮ ಹಳ್ಳಿಗಳಲ್ಲಿ ಅಟ್ಟದ ಮೇಲಿನ ಕ್ರಿಮಿನಾಶಕದ ಡಬ್ಬಿ ಅದೇ ಕೆಲಸ ಮಾಡುತ್ತದೆ. ಅದಕ್ಕೆ ಲೈಸೆನ್ಸೂ ಬೇಡ.

ಚಿರತೆ ಬಂತಂದ್ರೆ ಊರೆಲ್ಲ ಬಾಗಿಲು ಹಾಕುತ್ತದೆ. ಪಾತಾಳದ ಬೋರ್‌ವೆಲ್ಲಿನಿಂದ ಬರುವ ಫ್ಲೋರೈಡ್ ನೀರು ಮಕ್ಕಳ ಹಲ್ಲು, ಮೂಳೆ ತಿನ್ನುತ್ತಿದ್ದರೆ ಯಾರಿಗೂ ನಿದ್ದೆ ಕೆಡೋದಿಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಹತ್ತಿರ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಛಿದ್ರವಾದರು. ಯಾರೂ ಯಾರಿಗೂ ಗುರಿ ಇಟ್ಟಿರಲಿಲ್ಲ. ಕಣ್ಣಿಗೆ ಕಾಣುವ ಶತ್ರುವಿಗೆ ಹೆದರೋದು ಸುಲಭ. ದಿನಾ ಕೂಲಿ ಕೊಡುವ ಸಾವಿಗೆ ಹೆದರಿದರೆ ಅನ್ನ ಹೋಗುತ್ತದೆ. ಹಾಗಾಗಿ ಬಡವರ ಅಜ್ಞಾನ ಅಂತ ಇದನ್ನು ಪೇಟೆಯ ಪಂಡಿತರು ಷರಾ ಬರೆಯೋದು ಬೇಡ.

ನಾವು ಕೋವಿ ಕೇಳುತ್ತಿಲ್ಲ. ಅದೇ 1995ರ ನಿಯಮ, ದೌರ್ಜನ್ಯ ನಡೆಯಬಹುದಾದ ಕಡೆ ದಲಿತೇತರರ ಶಸ್ತ್ರ ಲೈಸೆನ್ಸು ರದ್ದು ಮಾಡಬೇಕು, ಕಳ್ಳಕೋವಿಗಳನ್ನು ಜಪ್ತಿ ಮಾಡಬೇಕು ಅಂತಲೂ ಹೇಳುತ್ತದೆ. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿ ಸಾಕ್ಷಿಗಳಿಗೆ ರಕ್ಷಣೆಯ ಹಕ್ಕು ಕೊಟ್ಟಿದೆ. ಮೇಷ್ಟ್ರುಗಳೇ, ಗೆಳೆಯರೇ, ಜಿಲ್ಲಾ ಜಾಗೃತಿ ಸಮಿತಿಯ ಮುಂದಿನ ಸಭೆಗೆ ಹೋಗೋಣ. ಎಷ್ಟು ಲೈಸೆನ್ಸು ರದ್ದಾದವು, ಎಷ್ಟು ಸಾಕ್ಷಿಗಳಿಗೆ ಕಾವಲು ಸಿಕ್ಕಿತು, ಪಟ್ಟಿ ಕೇಳೋಣ. ಬಾಯಿಮಾತು ಬೇಡ, ಬರಹದಲ್ಲೇ ಕೊಡಲಿ.