ಚಿತ್ರಗಾರರ ನಡುವೆ ಒಬ್ಬ ವಿಜ್ಞಾನದ ಮೇಷ್ಟ್ರು

ಮೊನ್ನೆ ಒಂದು ಭಾನುವಾರ ತೋರಣಗಲ್ಲಿನಲ್ಲಿ ನಮ್ಮ ಭಾಗದ ಚಿತ್ರಕಲಾವಿದರೂ ಕಲೆಯ ಕೆಲಸಗಾರರೂ ಒಂದು ಹಗಲು ಕೂಡಿ ಕುಳಿತಿದ್ದರು. ಸಂಡೂರು, ಹೊಸಪೇಟೆ, ಕಂಪ್ಲಿ, ಆಚೆ ಕೊಪ್ಪಳದ ಕಡೆಯಿಂದ ಬಂದವರು ಎಲ್ಲ ಸೇರಿ ಸುಮಾರು 40 ಮಂದಿ ಇದ್ದರು. ವೇದಿಕೆ ಇಲ್ಲ, ಉದ್ಘಾಟನೆ ಇಲ್ಲ, ಹಾರ ತುರಾಯಿ ಇಲ್ಲ. ನೆಲಕ್ಕೆ ಜಮಖಾನ, ಬೆಳಿಗ್ಗೆ ಒಗ್ಗರಣೆ–ಮಿರ್ಚಿ, ಮಧ್ಯಾಹ್ನಕ್ಕೆ ಅನ್ನ ಸಾರು. ಭಾಷಣಗಳಿಲ್ಲದ ಸಭೆಯನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಇಂಥ ಕಡೆ ವಿಜ್ಞಾನ ಕಲಿಸುವವನಿಗೆ ಏನು ಕೆಲಸ ಎಂದು ನೀವು ಕೇಳಬಹುದು. ನನ್ನನ್ನು ಕರೆದವನು ನನ್ನ ಹಳೆಯ ವಿದ್ಯಾರ್ಥಿ. ‘ಸಾರ್, ಬಣ್ಣದ ಬಗ್ಗೆ ಒಂದ್ ಹತ್ತು ನಿಮಿಷ ಹೇಳ್ರಿ. ನಮ್ಮವರಿಗೆ ಹಚ್ಚೋದು ಗೊತ್ತೈತಿ, ಅದರೊಳಗೆ ಏನೈತಿ ಅನ್ನೋದು ಗೊತ್ತಿಲ್ಲ’ ಎಂದಿದ್ದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವನಿಗೆ ನಾನು ಒಂದು ಮಾತಿನ ಬಾಕಿ ಉಳಿಸಿಕೊಂಡವನು.

ಪರಿಚಯ ಹೇಳಿಕೊಳ್ಳುವಾಗಲೇ ಒಂದು ಸಂಗತಿ ಗಮನಕ್ಕೆ ಬಂತು. ಕಲಾಶಾಲೆಗಳಲ್ಲಿ ಓದಿ ಬಂದ ಯುವಕ ಯುವತಿಯರು ‘ನಾನು ಕಲಾವಿದ’, ‘ನಾನು ಕಲಾವಿದೆ’ ಎಂದರು. ಸಂಡೂರಿನ ಕಡೆಯ ತಾಂಡಾದಿಂದ ಬಂದಿದ್ದ ಒಬ್ಬ ಹಿರಿಯ ಲಂಬಾಣಿ ಮಹಿಳೆ ‘ನಾ ಕಲಾವಿದೆ ಅಲ್ರಿ, ಸೂಜಿ ಕೆಲಸದಾಕಿ’ ಎಂದರು. ಗಣಪತಿ ಮಾಡುವ ಕಂಪ್ಲಿ ಕಡೆಯ ಕುಂಬಾರ ಅಜ್ಜ ‘ಮಣ್ಣಿನ ಕೆಲಸ’ ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮೂವರು ‘ಪೇಂಟರ್’ ಎಂದರು. ಯಾರೂ ಹೇಳಿಕೊಡದಿದ್ದರೂ ಎಲ್ಲರಿಗೂ ತಮ್ಮ ತಮ್ಮ ಸಾಲು ಯಾವುದೆಂದು ಗೊತ್ತಿತ್ತು!

ಈ ‘ಸೂಜಿ ಕೆಲಸ’ದ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಬೇಕು. 2023ರ ಜುಲೈನಲ್ಲಿ ಜಿ–20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ಹಂಪಿಯಲ್ಲಿ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಬಂದ 1755 ಕಸೂತಿ ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಲಾಯಿತು. ಅದು ಗಿನ್ನೆಸ್ ದಾಖಲೆಯಾಯಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಂದು ಆ ತಾಯಿ ನಮ್ಮೆದುರಿಗೇ ಒಂದು ಬಟ್ಟೆ ಹಿಡಿದು ಕುಳಿತರು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ ಉಗುರಿನಿಂದ ಗೀರಿದರು, ಮತ್ತೆ ಅಡ್ಡ ಮಡಿಸಿದರು. ಕರ್ಣಗಳು ಛೇದಿಸಿದ ಬಿಂದುವಿನಲ್ಲಿ ಒಂದು ಕನ್ನಡಿ ಚೂರು ಕೂರಿಸಿದರು. ಎಂಟನೇ ತರಗತಿಯಲ್ಲಿ ಚತುರ್ಭುಜಗಳ ಪಾಠವನ್ನು ನಾನು ಹಲಗೆಯ ಮೇಲೆ ಅರ್ಧ ಗಂಟೆ ಒದ್ದಾಡಿ ಕಲಿಸುತ್ತೇನೆ.

ಇನ್ನು ತೋರಣಗಲ್ಲು. ಈ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ಉಕ್ಕು, ಅದಿರಿನ ಲಾರಿ, ಕೆಂಪು ಧೂಳು. 1971ರಲ್ಲಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟ ಕಾಲದಿಂದಲೂ ಈ ಊರಿನ ಲೆಕ್ಕವೆಲ್ಲ ಟನ್ನುಗಳಲ್ಲಿಯೇ. ಆದರೆ 2024ರ ಫೆಬ್ರುವರಿಯಲ್ಲಿ ಇಲ್ಲಿಯೇ ‘ಹಂಪಿ ಆರ್ಟ್ ಲ್ಯಾಬ್ಸ್’ ಎಂಬ ಕಲಾಕೇಂದ್ರ ಬಾಗಿಲು ತೆರೆಯಿತು. ತುಂಗಭದ್ರೆಯ ಹರಿವನ್ನು ನೆನಪಿಸುವಂತೆ ಬಳುಕುವ ಕಟ್ಟಡ. ಅಚ್ಚುಚಿತ್ರ, ಪಿಂಗಾಣಿ, ಶಿಲ್ಪಗಳಿಗೆ ಕಾರ್ಯಾಗಾರಗಳು. ದೂರದ ಕಲಾವಿದರು ಬಂದು ಉಳಿದು ಕೆಲಸ ಮಾಡಲು ಅವಕಾಶ. ನಮ್ಮ ಮಕ್ಕಳನ್ನು ನೋಡಲು ಕರೆದೊಯ್ಯಬೇಕಾದ ಜಾಗವಿದು. ಅಚ್ಚುಚಿತ್ರ ಎಂದರೆ ಅರ್ಧ ರಸಾಯನಶಾಸ್ತ್ರವೇ: ತಾಮ್ರದ ಅಥವಾ ಸತುವಿನ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ ಚಿತ್ರ ಬರೆದು, ಆಮ್ಲದಲ್ಲಿ ಅದ್ದುತ್ತಾರೆ. ಮೇಣವಿದ್ದ ಕಡೆ ಆಮ್ಲ ಮುಟ್ಟುವುದಿಲ್ಲ, ಗೀರಿದ ಕಡೆ ಲೋಹವನ್ನು ತಿನ್ನುತ್ತದೆ. ಆ ತಗ್ಗಿನಲ್ಲಿ ಮಸಿ ನಿಂತು ಕಾಗದಕ್ಕೆ ಇಳಿಯುತ್ತದೆ. ಆದರೂ ಅಂದು ಸೇರಿದ್ದ ‘ಪೇಂಟರ್’ಗಳಲ್ಲಿ ಅದರೊಳಗೆ ಹೋಗಿದ್ದವರು ಒಬ್ಬರೇ. ‘ನಮ್ಮಂಥೋರು ಹೋಗೋ ಜಾಗಾ ಅಲ್ಲೇನೋ ಅನಿಸ್ತದ್ರಿ’ ಎಂದರು ಇನ್ನೊಬ್ಬರು. ಬಾಗಿಲು ಮುಚ್ಚಿತ್ತು ಎಂದು ಯಾರೂ ದೂರಲಿಲ್ಲ, ಸಂಕೋಚ ನಮ್ಮವರದೇ.

ನನ್ನ ಸರದಿ ಬಂತು. ಚೀಲದಲ್ಲಿ ಸಂಡೂರು ಗುಡ್ಡದ ಒಂದು ಅದಿರಿನ ಕಲ್ಲು, ಹಳದಿ ಮಣ್ಣಿನ ಒಂದು ಹೆಂಟೆ, ಒಡೆದ ಟೈಲಿನ ಒಂದು ಚೂರು, ಕಬ್ಬಿಣದ ಸೌಟು, ಸ್ಪಿರಿಟ್ ದೀಪ ಒಯ್ದಿದ್ದೆ. ಕಲ್ಲು ನೋಡಲು ಕಪ್ಪು, ಉಕ್ಕಿನಂತೆ ಹೊಳಪು. ಟೈಲಿನ ಹೊಳಪಿಲ್ಲದ ಹಿಂಬದಿಗೆ ಅದನ್ನು ತಿಕ್ಕಿದೆ. ಬಿದ್ದ ಗೆರೆ ರಕ್ತಗೆಂಪು! ಇದು ಹೆಮಟೈಟ್, ಅಂದರೆ ಫೆರಿಕ್ ಆಕ್ಸೈಡ್. ಶುದ್ಧವಾಗಿದ್ದರೆ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಕಬ್ಬಿಣ. ಲಾರಿಗಟ್ಟಲೆ ಕಾರ್ಖಾನೆಗೆ ಹೋಗುವುದೂ ಇದೇ, ಚಿತ್ರಗಾರರ ಕುಂಚಕ್ಕೆ ಬರುವ ಕಾವಿಯೂ ಇದೇ.

ಆಮೇಲೆ ಹಳದಿ ಮಣ್ಣನ್ನು ಪುಡಿ ಮಾಡಿ ಸೌಟಿನಲ್ಲಿ ಹಾಕಿ ದೀಪದ ಮೇಲೆ ಹಿಡಿದೆ. ಹಳದಿ ಮಣ್ಣಿನ ಬಣ್ಣಕ್ಕೆ ಕಾರಣ ಗೋಥೈಟ್ ಎಂಬ ಖನಿಜ; ಅದೂ ಕಬ್ಬಿಣದ್ದೇ, ಆದರೆ ಅದರ ಕಣಗಳಲ್ಲಿ ನೀರಿನ ಅಂಶ ಬೆಸೆದುಕೊಂಡಿರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿಗೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಉಳಿಯುವುದು ಹೆಮಟೈಟ್. ಹಳದಿ ಪುಡಿ ಕಣ್ಣೆದುರಿಗೇ ಅಂಚಿನಿಂದ ಕೆಂಪಾಗುತ್ತ ಬಂದಾಗ 40 ಮಂದಿಯೂ ಎದ್ದು ಸುತ್ತ ನಿಂತರು. (ಮಕ್ಕಳೇ, ಇದನ್ನು ಮನೆಯಲ್ಲಿ ಮಾಡಬೇಡಿ, ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ ಶಾಲೆಯಲ್ಲಿ ಮಾಡಿ.) ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದಲ್ಲಿ, ‘ಮೊರೇರ ಮನೆ’ಗಳೆಂದು ಜನ ಕರೆಯುವ ಕಲ್ಗೋರಿಗಳ ಬಳಿಯ ಬಂಡೆಗಳ ಮೇಲೆ ಕೆಂಪು ಚಿತ್ರಗಳಿವೆ. ಬರೆದವರ ಹೆಸರಿಲ್ಲ, ಅವರ ಮನೆಯೂ ಉಳಿದಿಲ್ಲ. ಕೆಂಪು ಮಾತ್ರ ಇದೆ. ಕಬ್ಬಿಣ ಆಗಲೇ ಆಮ್ಲಜನಕದೊಂದಿಗೆ ಕೂಡಿ ಮುಗಿದಿರುವುದರಿಂದ ಬಿಸಿಲಿಗೂ ಗಾಳಿಗೂ ಅದರಿಂದ ಕಿತ್ತುಕೊಳ್ಳಲು ಹೆಚ್ಚೇನೂ ಉಳಿದಿಲ್ಲ ಎಂದು ನಾನು ವಿವರಿಸಿದೆ.

ಅಲ್ಲಿಯವರೆಗೆ ಸುಮ್ಮನಿದ್ದ ಕಿನ್ನಾಳದ ಚಿತ್ರಗಾರರೊಬ್ಬರು ನನ್ನನ್ನು ತಡೆದರು. ಕಿನ್ನಾಳ ಕೊಪ್ಪಳದ ಹತ್ತಿರದ ಊರು, ಹಗುರ ಮರದ ಬಣ್ಣದ ಗೊಂಬೆಗಳಿಗೆ ಹೆಸರಾದದ್ದು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂಬ ನಂಬಿಕೆ ಅವರ ಮನೆತನಗಳಲ್ಲಿದೆ. ‘ಮೇಷ್ಟ್ರೇ, ಬಣ್ಣ ಎಲ್ಲಾ ಕಡೆ ಸಿಗ್ತೈತ್ರಿ. ಅದನ್ನ ಹಿಡಿದು ನಿಲ್ಸೋದು ಅಂಟು. ಅಂಟಿನ ಮಾತೇ ನೀವು ಆಡಲಿಲ್ಲ’ ಎಂದರು. ಮರದ ಪುಡಿಯನ್ನು ಹುಣಸೆ ಬೀಜದ ಸರಿಯಲ್ಲಿ ಕಲಸಿ ಗೊಂಬೆಯ ಸಂದುಗಳನ್ನು ತುಂಬುವ ಬಗೆಯನ್ನು ಅವರು ವಿವರಿಸಿದರು. ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸುವುದು. ಎಷ್ಟು ಕುದಿಸಬೇಕೆಂದು ಕೇಳಿದೆ. ‘ಸೌಟು ಎತ್ತಿದ್ರ ದಾರ ಕಡೀಬಾರದು’ ಎಂದರು. ಹುಣಸೆ ಬೀಜದ ತಿರುಳಿನಲ್ಲಿರುವ ಉದ್ದ ಸರಪಳಿಯ ಶರ್ಕರ ಅಣುಗಳೇ ಆ ದಾರ. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲೂ ಅದನ್ನು ಬಳಸುತ್ತಾರೆ. ನಾನು ಪುಸ್ತಕದಲ್ಲಿ ಓದಿದ್ದೆ, ದಾರ ನೋಡಿದವನಲ್ಲ.

ಇಂಥ ಸಭೆಯಲ್ಲಿ ಬೆಳಗಲ್ಲು ವೀರಣ್ಣನವರು ಇರಬೇಕಿತ್ತು ಎಂದು ಬಹಳ ಮಂದಿ ನೆನೆದರು. ಬಳ್ಳಾರಿಯ ಆ ತೊಗಲುಗೊಂಬೆಯ ಹಿರಿಯರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಾಟಕದವರೆಂದರೆ ನಾಟಕದವರು, ಹಾಡುಗಾರರೆಂದರೆ ಹಾಡುಗಾರರು, ಪರದೆಯ ಹಿಂದೆ ಗೊಂಬೆ ಆಡಿಸುವವರೂ ಹೌದು. ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತಿದ್ದೆವೋ!

‘ಸಾರ್, ಹಂಗಾದ್ರೆ ರೆಡ್ ಆಕ್ಸೈಡ್ ಅಂದ್ರೆ ಇದೇ ಏನ್ರಿ?’ ಎಂದು ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಹೌದು, ಇದೇ. ತಗಡಿನ ಬೋರ್ಡಿಗೆ ತುಕ್ಕು ಹಿಡಿಯದಿರಲಿ ಎಂದು ಪೇಂಟರ್‌ಗಳು ಮೊದಲು ಬಳಿಯುವ ಕೆಂಪು, ಹಳೆಯ ಮನೆಗಳ ನುಣುಪು ನೆಲದ ಕೆಂಪು, ಎಲ್ಲ ಒಂದೇ. ‘ಎಷ್ಟು ಡಬ್ಬಿ ಬಳದೀನಿ, ನಮ್ಮ ಗುಡ್ಡದ್ದು ಅಂತ ಗೊತ್ತಿರಲಿಲ್ಲ’ ಎಂದು ನಕ್ಕ.

ಈಗ ಬಾಕಿಯ ಮಾತು. 1997ರಲ್ಲಿ ಅವನು ಒಂಬತ್ತನೇ ತರಗತಿಯಲ್ಲಿದ್ದ. ಜೀವಶಾಸ್ತ್ರದ ದಾಖಲೆ ಪುಸ್ತಕದಲ್ಲಿ ಮನುಷ್ಯನ ಹೃದಯದ ಚಿತ್ರ ಬಿಡಿಸಿದ್ದ. ನೆರಳು ಬೆಳಕು ತುಂಬಿ, ಈಗ ಮಿಡಿಯುತ್ತದೇನೋ ಎನ್ನುವಂತೆ. ಜೀವಶಾಸ್ತ್ರದ ಚಿತ್ರಕ್ಕೆ ನೆರಳು ತುಂಬಬಾರದು, ಗೆರೆ ಮಾತ್ರ ಇರಬೇಕು ಎಂಬುದು ನಿಯಮ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಿತ್ತು. ಅವನ ತಂದೆಯನ್ನು ಕರೆಸಿ, ‘ಈ ಚಿತ್ರದ ಹುಚ್ಚು ಬಿಡಿಸದಿದ್ದರೆ ಹುಡುಗ ಎಸ್ಸೆಸ್ಸೆಲ್ಸಿ ದಾಟುವುದಿಲ್ಲ’ ಎಂದೆ. ಆ ರಾತ್ರಿ ಅವರ ಮನೆಯ ಒಲೆಯಲ್ಲಿ ಎರಡು ಡ್ರಾಯಿಂಗ್ ಪುಸ್ತಕ ಉರಿದವು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಹುಡುಗ ಹೇಗೂ ಗಣಿತದಲ್ಲಿ ನಪಾಸಾದ. ಚಿತ್ರ ಬಿಟ್ಟರೆ ಗಣಿತ ಬರುತ್ತದೆ ಎಂಬ ನನ್ನ ಸಿದ್ಧಾಂತ ಪ್ರಯೋಗದಲ್ಲಿ ಹೀಗೆ ಬಿದ್ದುಹೋಯಿತು. ಅವನು ಹೊಸಪೇಟೆಯಲ್ಲಿ ಬೋರ್ಡು ಬರೆಯುವವರ ಕೈಕೆಳಗೆ ಸೇರಿ ಅಕ್ಷರ ಕಲಿತ, ಸ್ವಂತ ಅಂಗಡಿ ಇಟ್ಟ. ಫ್ಲೆಕ್ಸ್ ಬಂತು. ಒಂದು ದಿನದ ಕೆಲಸವನ್ನು ಯಂತ್ರ ಹತ್ತು ನಿಮಿಷಕ್ಕೆ ಮುಗಿಸತೊಡಗಿತು, ಅಂಗಡಿ ಮುಚ್ಚಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದಾಗ ಮತ್ತೆ ಕುಂಚ ತೊಳೆದಿಟ್ಟು ಕಾದ. ನಿಷೇಧ ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂಬುದಕ್ಕೆ ನಿಮ್ಮ ಊರಿನ ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿದರೆ ಸಾಕು. ಈಗ ಅವನು ಚಿತ್ರಪ್ರದರ್ಶನಗಳಲ್ಲಿ ಕಟ್ಟು ಹಾಕುವುದು, ಚಿತ್ರಗಳನ್ನು ತೂಗುಹಾಕುವುದು, ಪೆಟ್ಟಿಗೆ ಕಟ್ಟಿ ಕಳಿಸುವುದು ಮಾಡುತ್ತಾನೆ.

ಮಧ್ಯಾಹ್ನದ ಮೇಲೆ ಜೋರು ಚರ್ಚೆ ಎಬ್ಬಿಸಿದವನೂ ಅವನೇ. ಪ್ರದರ್ಶನದ ಪಟ್ಟಿಯಲ್ಲಿ ಬರೆದವರ ಹೆಸರು ಇರುತ್ತದೆ, ಹಣ ಕೊಟ್ಟವರ ಹೆಸರು ಇರುತ್ತದೆ. ಕಟ್ಟು ಹಾಕಿದವನ, ಅಚ್ಚು ತೆಗೆದವನ, ಕಸೂತಿ ಹಾಕಿದವಳ ಹೆಸರು ಏಕಿಲ್ಲ? ಕೂಲಿ ತಿಂಗಳುಗಟ್ಟಲೆ ಏಕೆ ನಿಲ್ಲಬೇಕು? ಒಬ್ಬ ಯುವ ಕಲಾವಿದರು ‘ಕಲ್ಪನೆ ನಮ್ಮದಲ್ಲವೇ?’ ಎಂದರು. ಕಸೂತಿಯ ತಾಯಿ, ‘ಕಲ್ಪನಾ ನಿಮ್ದು ಇರ್ಲೆಪ್ಪ, ಕಣ್ಣು ಹೋಗೋದು ನಮ್ದು’ ಎಂದರು. ಮಾತು ಬಿಸಿಯಾಯಿತು. ಕೊನೆಗೆ ಆದ ತೀರ್ಮಾನ ಚಿಕ್ಕದು: ಕೆಲಸ ಹಿಡಿಯುವ ಮುನ್ನ ದರವನ್ನು ಕಾಗದದಲ್ಲಿ ಬರೆದುಕೊಳ್ಳುವುದು, ಪಟ್ಟಿಯಲ್ಲಿ ಎಲ್ಲ ಕೈಗಳ ಹೆಸರೂ ಹಾಕುವುದು. ನಡೆಯುತ್ತದೋ ಇಲ್ಲವೋ, ನೋಡಬೇಕು. ಆ ಯುವಕರೂ ಸಹಿ ಮಾಡಿದರು ಎಂಬುದನ್ನು ಹೇಳಲೇಬೇಕು.

ಸಭೆಗೆ ಒಬ್ಬ ತಂದೆ ಹತ್ತನೇ ತರಗತಿಯ ಮಗಳನ್ನು ಕರೆತಂದಿದ್ದರು. ಎದ್ದು ನಿಂತು, ‘ಎಲ್ಲಾ ಚೊಲೋ ಐತ್ರಿ, ಇದರಾಗ ಹೊಟ್ಟಿ ತುಂಬ್ತೈತೇನ್ರಿ?’ ಎಂದರು. ಎಲ್ಲ ಪಾಲಕರ ಪ್ರಶ್ನೆ ಇದು. ಚಿತ್ರದಿಂದಲೇ ಸಂಸಾರ ನಡೆಸುವವರು ಕೈ ಎತ್ತಿ ಎಂದು ಯಾರೋ ಅಂದರು. 7 ಕೈ ಎದ್ದವು. ಉಳಿದವರಿಗೆ ಹೊಲವಿದೆ, ನೌಕರಿ ಇದೆ, ಟ್ಯೂಷನ್ ಇದೆ. ಈ ಲೆಕ್ಕವನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡಲಾರೆ. ನನಗೆ ತಿಳಿದ ದಾರಿಯನ್ನು ಅವರಿಗೆ ಹೇಳಿದೆ: ಶಾಲೆಯಲ್ಲಿರುವಾಗಲೇ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರಿಸಿ, ಪಿಯುಸಿ ಆದಮೇಲೆ ದೃಶ್ಯಕಲಾ ಪದವಿಗೆ ಮೈಸೂರಿನ ಚಾಮರಾಜೇಂದ್ರ ಅಕಾಡೆಮಿ, ದಾವಣಗೆರೆಯ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಗಣಿತ, ವಿಜ್ಞಾನ ಬಿಡಿಸಬೇಡಿ. ಪುಸ್ತಕವನ್ನು ಒಲೆಗೂ ಹಾಕಬೇಡಿ. ಈ ಕೊನೆಯ ಮಾತು ಏಕೆ ಬಂತೆಂದು ಹೇಳಬೇಕಾಯಿತು. ಹೇಳಿದೆ, ಎಲ್ಲರೆದುರಿಗೆ, ತಪ್ಪು ನನ್ನದೆಂದು. ನನ್ನ ವಿದ್ಯಾರ್ಥಿ ತಲೆ ತಗ್ಗಿಸಿ ಜಮಖಾನದ ದಾರ ಕೀಳುತ್ತಿದ್ದ. ಆಮೇಲೆ, ‘ಹೋಗ್ಲಿ ಬಿಡ್ರಿ ಸಾರ್’ ಎಂದ. ಅಷ್ಟೇ.

ಹೊರಡುವಾಗ ಆ ಹುಡುಗಿ ಸೌಟಿನ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಬಂದು, ಇನ್ನೂ ಕಾಸಿದರೆ ಏನಾಗುತ್ತದೆ ಎಂದಳು. ಬಹಳ ಹೆಚ್ಚಿನ ಕಾವಿಗೆ ಕೆಂಪು ನೇರಳೆಯ ಕಡೆಗೆ ತಿರುಗುತ್ತದೆ, ಆದರೆ ನನ್ನ ಸ್ಪಿರಿಟ್ ದೀಪಕ್ಕೆ ಅಷ್ಟು ಶಕ್ತಿಯಿಲ್ಲ ಎಂದೆ. ಕಂಪ್ಲಿಯ ಅಜ್ಜ ಕೇಳಿಸಿಕೊಂಡರು. ಆವಿಗೆಯಲ್ಲಿ ಒಂದು ಕುಡಿಕೆಯೊಳಗೆ ಇಟ್ಟು ನೋಡುವುದಾಗಿ ಒಂದು ಪೊಟ್ಟಣ ಪುಡಿ ಕಟ್ಟಿಸಿಕೊಂಡು ಹೋಗಿದ್ದಾರೆ. ಹುಡುಗಿ ಅವರ ಫೋನ್ ನಂಬರ್ ಬರೆದುಕೊಂಡಿದ್ದಾಳೆ.