ಮಣ್ಣು ಮಾರಿದೆವು, ಮಣ್ಣೆತ್ತು ಕೊಂಡೆವು

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಬಜಾರುಗಳಲ್ಲಿ ಬಣ್ಣ ಬಳಿದ ಜೋಡೆತ್ತುಗಳು ಸಾಲಾಗಿ ನಿಲ್ಲುತ್ತವೆ. ಬೈಕಿನಿಂದ ಇಳಿಯದೆಯೇ ಚೌಕಾಸಿ ಮಾಡಿ, ಒಂದು ಜೊತೆ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಜಗಲಿಯ ಮೇಲಿಟ್ಟು ಹೋಳಿಗೆ ಎಡೆ ತೋರಿಸಿದರೆ ಹಬ್ಬ ಮುಗಿಯಿತು. ಮಗು ಅತ್ತ ಮೊಬೈಲಿನಲ್ಲಿ ಯಾವುದೋ ದೇಶದ ಹಸುವಿನ ಕಾರ್ಟೂನು ನೋಡುತ್ತಿರುತ್ತದೆ. ಅದನ್ನು ಅಲ್ಲಿ ಕೂರಿಸಿದವರು ನಾವೇ.

ನಮ್ಮ ಹಿರಿಯರು ನಮ್ಮನ್ನು ಹೀಗೆ ಬೆಳೆಸಲಿಲ್ಲ. ಕುಂಬಾರರ ಎತ್ತು ಆಗಲೂ ಕಾಳಿಗೆ ಬದಲಾಗಿ ಮನೆಗೆ ಬರುತ್ತಿತ್ತು. ಅದರ ಪಕ್ಕದಲ್ಲಿ ನಾವು ಮಾಡಿದ್ದೂ ಕೂರುತ್ತಿತ್ತು. ಹಳ್ಳದ ದಂಡೆಯ ಎರೆಮಣ್ಣು ತಂದು, ಹರಳು ಆರಿಸಿ, ನಾದಿ ಹದ ಮಾಡುತ್ತಿದ್ದೆವು. ನೀರು ಹೆಚ್ಚಾದರೆ ಎತ್ತು ಕುಸಿಯಿತು. ಅವಸರಪಟ್ಟು ಬಿಸಿಲಿಗಿಟ್ಟರೆ ಬಿರಿಯಿತು. ಇಣಿ ಎಲ್ಲಿ ಏಳುತ್ತದೆ, ಕೊಂಬು ಎತ್ತ ಬಾಗುತ್ತದೆ ಎಂದು ನೋಡಲು ಕೊಟ್ಟಿಗೆಗೆ ಓಡಿದೆವು. ಎರಡೆತ್ತು, ಮುಂದೊಂದು ಗ್ವಾದಲಿ, ಕಣ್ಣಿಗೆ ಜೋಳದ ಕಾಳು. ಮರುದಿನ ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಬೇಡಿದೆವು. ಆಷಾಢಕ್ಕೆ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಜೋಕುಮಾರ: ಮಳೆಗಾಲವಿಡೀ ಕೈ ಮಣ್ಣಿನಲ್ಲೇ.

ಈಗ ಮಗು ಮಣ್ಣು ಮುಟ್ಟಿದರೆ 'ಛೀ, ಹೊಲಸು' ಎನ್ನುತ್ತೇವೆ. ಹೀಗೆನ್ನುವ ನಾವಾದರೂ ಯಾರು? ಶಹಾಬಾದಿನ ಫರಸಿಯನ್ನು ಊರೂರಿನ ಅಂಗಳಕ್ಕೆ ಹಾಸಿದವರು. ವಾಡಿ, ಸೇಡಂ, ಮಳಖೇಡಗಳಲ್ಲಿ ನೆಲದ ಸುಣ್ಣಕಲ್ಲು ಅಗೆದು ಸಿಮೆಂಟು ಮಾಡಿ ಮಾರುವವರು. ಎರೆಭೂಮಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮೀಸೆ ತಿರುವಿದವರು. ನೆಲದ ಅನ್ನ ಉಂಡು, ನೆಲವೇ ಹೊಲಸೆಂದು ಮಕ್ಕಳಿಗೆ ಕಲಿಸುತ್ತಿದ್ದೇವೆ. ಇದಕ್ಕಿಂತ ದೊಡ್ಡ ಕೃತಘ್ನತೆ ಯಾವುದು?

ಶಾಲೆಯಲ್ಲಿ ಸಾಕುಪ್ರಾಣಿಗಳ ಪ್ರಾಜೆಕ್ಟ್ ಕೊಟ್ಟರೆ ಮಗುವನ್ನು ಮಲಗಿಸಿ ರಾತ್ರಿ ನಾವೇ ಥರ್ಮಾಕೋಲ್ ಕತ್ತರಿಸುತ್ತೇವೆ. ಮಗು ಮಾಡಿದ ಓರೆಕೋರೆ ಎತ್ತಿಗೆ ಅಂಕ ಕಡಿಮೆಯಾದೀತೆಂಬ ಭಯ. ನಮ್ಮ ಕೈಕೆಲಸಕ್ಕೆ ಬಿದ್ದ ಅಂಕವನ್ನು ಮಗುವಿನದೆಂದು ನೆರೆಯವರಿಗೆ ಹೇಳಲು ನಾಚಿಕೆಯೂ ಇಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳು ಆಟ, ಆಟಿಕೆಗಳಿಂದಲೇ ಕಲಿಯಬೇಕೆಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಅಕ್ಷರ ಬಾರದ ನಮ್ಮ ಅಜ್ಜಿಯರು ಅದನ್ನು ಎಂದೋ ಮಾಡಿ ತೋರಿಸಿದ್ದರು. ಹೊತ್ತಿಲ್ಲ ಎನ್ನುವ ನಮಗೆ ಧಾರಾವಾಹಿಗೆ ಮಾತ್ರ ದಿನವೂ ಹೊತ್ತಿದೆ.

2012ರ ಗಣತಿಯಲ್ಲಿ ರಾಜ್ಯದ ದನಗಳು ಸುಮಾರು 95 ಲಕ್ಷ; 2019ರಲ್ಲಿ ಸುಮಾರು 85 ಲಕ್ಷ. ಕೊಟ್ಟಿಗೆ ಬರಿದಾಗುತ್ತಿರುವಾಗ ಎತ್ತು ಮಗುವಿನ ಬೆರಳಲ್ಲಾದರೂ ಉಳಿಯಬೇಕಿತ್ತು. ಅಲ್ಲಿಂದಲೂ ಅದನ್ನು ಹೊಡೆದಟ್ಟಿದವರು ನಾವು. ಎತ್ತಿನ ಮೈ ತಡವದ, ಮಣ್ಣಿನ ಹದ ಅರಿಯದ ಕೈಗೆ ನಾಳೆ ಹೊಲವೂ ಮಾರಾಟದ ಪ್ಲಾಟಾಗಿಯೇ ಕಾಣುತ್ತದೆ.

ಹಳ್ಳದ ದಂಡೆಯ ಮಣ್ಣಿಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ. ಬರುವ ಅಮಾವಾಸ್ಯೆಗೆ ಒಂದು ಬುಟ್ಟಿ ತನ್ನಿ, ಮಗುವಿನ ಪಕ್ಕ ನೆಲದ ಮೇಲೆ ಕೂರಿ. ಅದರ ಎತ್ತು ಕುಂಟಲಿ, ಕೊಂಬು ಮುರಿಯಲಿ. ಜಗಲಿಯ ಮೇಲೆ ಮೊದಲ ಜಾಗ ಅದಕ್ಕೇ ಸಲ್ಲಲಿ.