ಒಲೆಗೂ ಮೂಗು ಬೇಕು

ಮೂರು ತಿಂಗಳಿಗೊಮ್ಮೆ ಈ ಪುಟದಲ್ಲಿ ಮನೆವಾರ್ತೆಯ ಹರಟೆ ಹೊಡೆಯುವುದು ನನ್ನ ರೂಢಿ. ಈ ಸಲದ ಹರಟೆಯಲ್ಲಿ ಒಂದು ತಪ್ಪೊಪ್ಪಿಗೆಯೂ ಸೇರಿದೆ. ಚಳಿಗಾಲ ಮತ್ತೆ ಬಾಗಿಲಿಗೆ ಬಂದಿರುವುದರಿಂದ ಅದನ್ನು ಈಗಲೇ ಹೇಳಿಬಿಡುವುದು ಮೇಲು.

ವಿಷಯ ಆರಂಭವಾದದ್ದು ಅಮೆರಿಕದಲ್ಲಿ. ನನ್ನ ಭಾವಮೈದುನ ಅಲ್ಲಿನ ಕೊಲೊರಾಡೊ ಸೀಮೆಯಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಒಂದು ಹಳೆಯ ಟ್ರೇಲರ್ ಕೊಂಡ. ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮೇಲಿನ ಕೋಣೆ. ಉದ್ದ 13 ಅಡಿ, ಅಗಲ ಆರೂವರೆ ಅಡಿ. ಅಷ್ಟರಲ್ಲೇ ಮಂಚ, ಮೇಜು, ಪಾತ್ರೆ ಇಡುವ ಗೂಡು ಎಲ್ಲವೂ ಉಂಟು. ರಜೆ ಬಂತೆಂದರೆ ಗಂಡಹೆಂಡಿರು ಅದನ್ನು ಎಳೆದುಕೊಂಡು ಬೆಟ್ಟ ಸೇರುತ್ತಾರೆ. ಒಳ್ಳೆಯ ಮನೆಯಿದ್ದೂ ಬಂಡಿಯಲ್ಲಿ ಮಲಗುವುದು ಯಾವ ಸುಖವೋ, ಕ್ವಾರ್ಟರ್ಸ್ ವಾಸಿಗಳಾದ ನಮಗೆ ತಿಳಿಯದು. ನಮ್ಮ ಮನೆಯೇ ಅದಕ್ಕಿಂತ ಬಹಳ ದೊಡ್ಡದೇನಲ್ಲವಷ್ಟೆ!

ಡಿಸೆಂಬರಿನಲ್ಲಿ ಅವನಿಂದ ಮೊಬೈಲಿಗೆ ಒಂದು ಚಿತ್ರ ಬಂತು. ಹೊರಗೆ ಹಿಮ, ಟ್ರೇಲರಿನ ಮಾಡಿನ ಮೇಲೊಂದು ಕೊಳವೆ, ಕೊಳವೆಯಿಂದ ತೆಳ್ಳಗೆ ಹೊಗೆ. ಒಳಗೆ ಕಟ್ಟಿಗೆಯ ಒಲೆ ಹೂಡಿದ್ದಾನೆ! ಆಗ ನಮ್ಮತ್ತೆಯವರು ಮಗಳ ಬಾಣಂತನಕ್ಕೆಂದು ಸಾಗರದಿಂದ ದೆಹಲಿಗೆ ಬಂದಿದ್ದರು. ಚಿತ್ರ ನೋಡಿದವರೇ ಗಾಬರಿಯಾದರು.

"ಅಳಿಯಂದಿರೇ, ಗೂಡಿನಷ್ಟು ಬಂಡಿಯೊಳಗೆ ಬೆಂಕಿ ಹಾಕಿಕೊಂಡು ಮಲಗುತ್ತಾನಂತೆ. ಇವನಿಗೆ ಬುದ್ಧಿ ನೆಟ್ಟಗಿದೆಯೇ? ನೀವಾದರೂ ಒಂದು ಮಾತು ಹೇಳಿ."

ಗುಮಾಸ್ತನಾದ ನನಗೆ ವಿಷಯ ತಿಳಿಯದೆ ಟಿಪ್ಪಣಿ ಬರೆದು ಅಭ್ಯಾಸವಿಲ್ಲ. ವಿವರ ಕೇಳಿ ಬರೆದೆ. "ಭಾವ, ಅಮ್ಮನಿಗೆ ಸಮಾಧಾನ ಹೇಳಿ" ಎಂದು ಆರಂಭಿಸಿ ಅವನು ಉದ್ದವಾಗಿಯೇ ಉತ್ತರ ಕೊಟ್ಟ. ನಾನೂ ಅಲ್ಲಲ್ಲಿ ಓದಿ ನೋಡಿದೆ. ತಿಳಿದದ್ದು ಇಷ್ಟು:

ಸಣ್ಣ ಕೋಣೆಗೆ ಒಲೆಯೂ ಸಣ್ಣದಿರಬೇಕು. ದೊಡ್ಡ ಒಲೆಯಿಟ್ಟರೆ ಗಳಿಗೆಯಲ್ಲಿ ಸೆಕೆಯಾಗುತ್ತದೆ. ಆಗ ಗಾಳಿಯ ಕಿಂಡಿ ಮುಚ್ಚಿ ಬೆಂಕಿಯನ್ನು ಅಡಗಿಸುತ್ತಾರೆ. ಹಾಗೆ ಉಸಿರು ಕಟ್ಟಿದ ಬೆಂಕಿ ಉರಿಯದೆ ಹೊಗೆಯುತ್ತದೆ. ಹೊಗೆಯ ಕೊಳವೆಯ ಒಳಮೈಗೆ ಡಾಂಬರಿನಂಥ ಮಸಿ ಅಂಟುತ್ತದೆ. ಒಂದು ದಿನ ಆ ಮಸಿಯೇ ಹೊತ್ತಿಕೊಂಡರೆ ಕೊಳವೆಯೆಲ್ಲ ಬೆಂಕಿ. ಆದ್ದರಿಂದ ಚಿಕ್ಕ ಒಲೆ, ಚುರುಕು ಉರಿ, ಆಗಾಗ ಕೊಳವೆ ಗುಡಿಸುವುದು, ಇದು ಮೊದಲ ಪಾಠ.

ಎರಡನೆಯದು ಕಟ್ಟಿಗೆ. ಹೊಸದಾಗಿ ಕಡಿದ ಹಸಿ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಒಂದು ಕಿಲೋ ನೀರು ಆವಿಯಾಗಿ ಹೋಗಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು; ನಮ್ಮನ್ನು ಬೆಚ್ಚಗಿಡಬೇಕಾದ ಬೆಂಕಿ ಮರವನ್ನು ಒಣಗಿಸುವುದರಲ್ಲೇ ಸವೆಯುತ್ತದೆ. ನೀರಿನ ಅಂಶ ನೂರಕ್ಕೆ 20ಕ್ಕಿಂತ ಕೆಳಗಿಳಿದ ಕಟ್ಟಿಗೆಯೇ ಯೋಗ್ಯ. ಇದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲೇ ಸೌದೆ ಸೀಳಿ ಒಟ್ಟುವವರು ನಾವು.

ಮೂರನೆಯದು ದೂರ. ಕಟ್ಟಿಗೆಯ ಒಲೆಗೂ ಮರದ ಗೋಡೆಗೂ ನಡುವೆ 36 ಅಂಗುಲ ಜಾಗ ಬೇಕೆಂಬುದು ಅಲ್ಲಿಯ ಸಾಮಾನ್ಯ ನಿಯಮ. ಆರೂವರೆ ಅಡಿಯ ಕೋಣೆಯಲ್ಲಿ 36 ಅಂಗುಲ ಬಿಟ್ಟರೆ ಮಲಗುವವರೆಲ್ಲಿ? ಅದಕ್ಕೊಂದು ಉಪಾಯವುಂಟು. ಗೋಡೆಯಿಂದ ಒಂದು ಅಂಗುಲ ಈಚೆಗೆ ಲೋಹದ ತಗಡು ನಿಲ್ಲಿಸಿ, ಹಿಂದೆ ಗಾಳಿ ಆಡುವಂತೆ ಮೇಲೂ ಕೆಳಗೂ ತೆರವು ಬಿಟ್ಟರೆ, ದೂರವನ್ನು 12 ಅಂಗುಲಕ್ಕೆ ಇಳಿಸಬಹುದು. ತಗಡಲ್ಲ, ಅದರ ಹಿಂದೆ ಹರಿದಾಡುವ ಗಾಳಿಯೇ ಗೋಡೆಯನ್ನು ಕಾಯುವುದು. ಕೊಳವೆ ಮಾಡನ್ನು ದಾಟುವೆಡೆ ಎರಡು ಪದರದ, ಶಾಖ ತಡೆಯುವ ಕೊಳವೆ ಬೇಕು.

ನಾಲ್ಕನೆಯದೇ ಮುಖ್ಯ: ಉಸಿರು. ಬಿಸಿಯಾದ ಹೊಗೆ ಹಗುರ; ಕೊಳವೆಯಲ್ಲಿ ಮೇಲೇರಿ ಹೊರಬೀಳುತ್ತದೆ. ಅದು ಹೋದಷ್ಟೂ ಹೊಸ ಗಾಳಿ ಒಳಗೆ ಬರಬೇಕು. ಸಂದಿಯಿಲ್ಲದಂತೆ ಮುಚ್ಚಿದ ಕೋಣೆಯಲ್ಲಿ ಹೊಗೆ ಮೇಲೇಳಲಾರದೆ ಹಿಂದಕ್ಕೆ ತಿರುಗುತ್ತದೆ. ಆದ್ದರಿಂದ ಅವನು ಒಲೆಯ ಬಳಿ ನೆಲಕ್ಕೊಂದು ಗಾಳಿಕಿಂಡಿ ಕೊರೆದಿದ್ದಾನೆ. ಮಂಚದ ಪಕ್ಕದಲ್ಲಿ, ವಿಷಾನಿಲ ಹೆಚ್ಚಿದರೆ ಕಿರುಚಿಕೊಳ್ಳುವ ಅಂಗೈಯಗಲದ ಯಂತ್ರವೊಂದನ್ನು ತೂಗುಹಾಕಿದ್ದಾನೆ. ಇಷ್ಟಾದರೂ ಆ ಪುಟ್ಟ ಒಲೆ ಒಂದೆರಡು ಗಂಟೆಗೊಮ್ಮೆ ಕಟ್ಟಿಗೆ ಬೇಡುತ್ತದೆ. ಅವರು ಮಲಗುವ ಮೊದಲು ಬೆಂಕಿ ಆರಲು ಬಿಟ್ಟು, ದಪ್ಪ ಹೊದಿಕೆಯಲ್ಲಿ ರಾತ್ರಿ ಕಳೆಯುತ್ತಾರೆ.

ಇದು ಹೊಸ ಹುಚ್ಚೂ ಅಲ್ಲ. ಅಮೆರಿಕದ ವಯೋಮಿಂಗ್ ಸೀಮೆಯ ಕುರಿಗಾಹಿಗಳು 19ನೆಯ ಶತಮಾನದ ಕೊನೆಯಿಂದ ಇಂಥ ಬಂಡಿಗಳಲ್ಲಿ ಚಳಿಗಾಲ ಕಳೆದವರು. ರಾಲಿನ್ಸ್ ಎಂಬ ಊರಿನ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಷ್ 1884ರಲ್ಲಿ ಮೊದಲ ಕುರಿಬಂಡಿ ಕಟ್ಟಿದನೆಂದು ಹೇಳುತ್ತಾರೆ. ಮೇಲೆ ಕ್ಯಾನ್ವಾಸ್ ಹೊದಿಕೆ, ಹಿಂಬದಿಗೆ ಅಡ್ಡಲಾಗಿ ಮಂಚ, ಬಾಗಿಲ ಪಕ್ಕದಲ್ಲೇ ಕಬ್ಬಿಣದ ಒಲೆ. ಬಾಗಿಲು ಮಾತ್ರ ಎರಡು ತುಂಡು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಡಬಹುದು. ಓದುಬರಹ ಹೆಚ್ಚಿಲ್ಲದ ಕುರುಬನಿಗೂ ಗಾಳಿಯ ಲೆಕ್ಕ ಗೊತ್ತಿತ್ತು.

ಇದನ್ನೆಲ್ಲ ಅತ್ತೆಯವರಿಗೆ ಒಂದು ಸಂಜೆ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಹಾಗಾದರೆ ಅವನ ಒಲೆಗೆ ಮೂಗು ಇದೆ ಅನ್ನಿ" ಎಂದು ನಿಟ್ಟುಸಿರು ಬಿಟ್ಟರು. ನನ್ನ ವಿದ್ವತ್ತಿಗೆ ನಾನೇ ಬೀಗಿದೆ.

ಇನ್ನು ತಪ್ಪೊಪ್ಪಿಗೆ.

ದೆಹಲಿಯ ಜನವರಿ ನಿಮಗೆ ಗೊತ್ತೇ ಇದೆ. 1935ರ ಜನವರಿ 16ರಂದು ಸಫ್ದರ್‌ಜಂಗ್‌ನಲ್ಲಿ ಉಷ್ಣತೆ ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು. ಆ ಮಟ್ಟಕ್ಕೆ ಇಳಿಯದಿದ್ದರೂ ನಾಲ್ಕೈದು ಡಿಗ್ರಿಯ ರಾತ್ರಿಗಳು ಪ್ರತಿ ವರ್ಷವೂ ಬರುತ್ತವೆ. ಮನೆಯಲ್ಲಿ 18 ದಿನದ ಕೂಸು. ಕರೆಂಟಿನ ಹೀಟರ್ ಇತ್ತು. ಅದರ ಗಾಳಿಗೆ ಮಗುವಿನ ಮೈ ಒಡೆಯುತ್ತದೆಂದು ಅತ್ತೆಯವರಿಗೆ ಒಪ್ಪಿಗೆಯಾಗಲಿಲ್ಲ. "ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಲ್ಲದಿದ್ದರೆ ಹೇಗೆ?" ಎಂದರು. ನಾನೇ ಪೇಟೆಗೆ ಹೋಗಿ ಕಬ್ಬಿಣದ ಅಂಗೀಠಿ ತಂದೆ. ನಮ್ಮ ಅಗ್ಗಿಷ್ಟಿಕೆ, ಇವರ ಅಂಗೀಠಿ ಎರಡೂ ಒಂದೇ ಸಂಸ್ಕೃತ ಶಬ್ದದಿಂದ ಹುಟ್ಟಿದ ಅಕ್ಕತಂಗಿಯರೆಂದು ಮನೆಯಲ್ಲಿ ಪಾಂಡಿತ್ಯವನ್ನೂ ಮೆರೆದೆ. ಕೆಳಗಿನ ಇಸ್ತ್ರಿಯವನಿಂದ ಇದ್ದಲು ಬಂತು. ಸಾಂಬ್ರಾಣಿಯ ಪರಿಮಳಕ್ಕೆ ಮನೆ ಊರಿನಂತೆಯೇ ಅನಿಸಿತು.

ಮೂರನೆಯ ರಾತ್ರಿ ಚಳಿ ಬಹಳವಿತ್ತು. ಕಿಟಕಿಯ ಸಂದಿಗಳಿಗೆ ನಾನೇ ಹಳೆಯ ಪೇಪರು ತುರುಕಿದೆ. ಬಾಗಿಲ ಬುಡಕ್ಕೆ ಹಳೆಯ ಪಂಚೆ ಸುತ್ತಿಟ್ಟೆ. ಕೆಂಡ ಚೆನ್ನಾಗಿ ಕೆಂಪಾಗಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಇನ್ನೇನು ಭಯ? ಒಳಗೆ ಅತ್ತೆ, ನನ್ನ ಹೆಂಡತಿ, ಕೂಸು, ಅಜ್ಜಿಯ ಮಗ್ಗುಲಲ್ಲಿ ಆರು ವರ್ಷದ ಮಗಳು. ನಾನು ಹೊರಗಿನ ಕೋಣೆಯಲ್ಲಿ ಮಲಗಿದೆ.

ನಡುರಾತ್ರಿ ಮಗಳು ಎದ್ದು ಬಂದಳು. "ಅಪ್ಪಾ, ತಲೆ ನೋಯ್ತಿದೆ" ಎಂದವಳೇ ವಾಂತಿ ಮಾಡಿಕೊಂಡಳು. ತಿಂದದ್ದು ಹಿಡಿಸಲಿಲ್ಲವೆಂದುಕೊಂಡು ಹೆಂಡತಿಯನ್ನು ಕರೆಯಲು ಒಳಗೆ ಹೋದೆ. ಕರೆದರೆ "ಹೂಂ" ಎನ್ನುತ್ತಾಳೆ, ಏಳಲಾರಳು. ಅತ್ತೆಯವರು ಕುಳಿತುಕೊಳ್ಳಲು ಹೋಗಿ ವಾಲಿದರು. ಕೂಸು ಅಳುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಹಾಲಿಗೆ ಅಳುವ ಕೂಸು ಅಂದು ಅಳದೆ ಮಲಗಿತ್ತು.

ನನಗೆ ಕೈಕಾಲು ಆಡಲಿಲ್ಲ. ಸದ್ದು ಕೇಳಿ ಪಕ್ಕದ ಮನೆಯವರು ಬಂದರು. ಅವರು ಕುಲ್ಲೂ ಕಡೆಯವರು, ಚಳಿಯಲ್ಲೇ ಬೆಳೆದವರು. ಒಳಗೆ ಕಾಲಿಟ್ಟವರೇ ಅಂಗೀಠಿಯನ್ನು ನೋಡಿದರು. ಮಾತಾಡದೆ ಕಿಟಕಿಗಳನ್ನು ದಡಬಡನೆ ತೆರೆದರು. ಕೂಸನ್ನು ಎತ್ತಿಕೊಂಡು ಬಾಲ್ಕನಿಗೆ ನಡೆದರು. ಉಳಿದವರನ್ನು ನಾವಿಬ್ಬರೂ ಸೇರಿ ಹೊರಗೆ ತಂದೆವು. ತಣ್ಣನೆಯ ಗಾಳಿ ಮುಖಕ್ಕೆ ಬಿದ್ದ ಮೇಲೆ ಕೂಸು ಅತ್ತಿತು. ಅದಕ್ಕಿಂತ ಇಂಪಾದ ಸ್ವರವನ್ನು ನಾನು ಈವರೆಗೆ ಕೇಳಿಲ್ಲ.

ಅವರದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋದೆವು. ಎಲ್ಲರಿಗೂ ಆಮ್ಲಜನಕ ಕೊಟ್ಟರು. ಬೆಳಗಾಗುವ ಹೊತ್ತಿಗೆ ಎಲ್ಲರೂ ಸುಧಾರಿಸಿದರು. ವೈದ್ಯರು ಬೈಯಲಿಲ್ಲ, ವಿವರಿಸಿದರು. ಗಾಳಿ ಸಾಲದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಇದನ್ನು ಬಿಗಿದಪ್ಪುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೈಗೆ ಉಸಿರು ಸೇರುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಇದೊಂದೂ ತಿಳಿಯದು. ಹೊಗೆಯಿಲ್ಲದ ಕೆಂಡವೇ ಈ ಅನಿಲವನ್ನು ಧಾರಾಳವಾಗಿ ಬಿಡುತ್ತದೆ. ನಾನು ಯಾವುದನ್ನು ಕ್ಷೇಮದ ಗುರುತೆಂದುಕೊಂಡಿದ್ದೆನೋ ಅದೇ ನನ್ನನ್ನು ಮೋಸಗೊಳಿಸಿತ್ತು.

ಓದುಗರೇ, ಏಳು ಸಮುದ್ರದಾಚೆಯ ಒಲೆಯ ಬಗ್ಗೆ ನಾಲ್ಕು ಪಾಠ ಒಪ್ಪಿಸಿದವನು ನಾನೇ. ಮಂಚದ ಪಕ್ಕದ ಬೆಂಕಿಗೆ ಗಾಳಿ ಮುಚ್ಚಿದವನೂ ನಾನೇ. ಅದು ಪರದೇಶದ ಒಲೆ, ಅದಕ್ಕೆ ಭಯಪಟ್ಟೆವು. ಇದು ನಮ್ಮ ಅಗ್ಗಿಷ್ಟಿಕೆ, ಅಜ್ಜಿಯ ಕಾಲದ್ದು, ಭಯವೇ ಹುಟ್ಟಲಿಲ್ಲ.

ಅತ್ತೆಯವರು ಮರುದಿನ ಕಣ್ಣೊರೆಸಿಕೊಳ್ಳುತ್ತಾ, "ನಾನು ಹೆತ್ತದ್ದೂ ಅಗ್ಗಿಷ್ಟಿಕೆಯ ಕೋಣೆಯಲ್ಲೇ. ಆಗ ಯಾರಿಗೂ ಏನೂ ಆಗಲಿಲ್ಲವಲ್ಲ" ಎಂದರು. ಅವರ ಮಾತು ನಿಜ. ಆದರೆ ಆ ಮನೆ ಯಾವುದು? ಮೇಲೆ ಹೆಂಚು, ಹೆಂಚಿನ ನಡುವೆ ನೂರು ಸಂದಿ. ಕೋಣೆಯ ಗೋಡೆ ಮಾಡಿಗೆ ತಾಗುತ್ತಲೇ ಇರಲಿಲ್ಲ. ಬಚ್ಚಲೊಲೆಯ ಹೊಗೆ ಅಟ್ಟದ ಮೇಲೆಲ್ಲ ಅಡ್ಡಾಡಿ ಹೆಂಚಿನಿಂದ ಹೊರಗೆ ಹೋಗುತ್ತಿತ್ತು. ಆ ಮನೆಗೆ ಮೈಯೆಲ್ಲ ಮೂಗು. ಊರು ಬಿಟ್ಟು ಬರುವಾಗ ನಾವು ಪದ್ಧತಿಯನ್ನು ರೈಲು ಹತ್ತಿಸಿ ತಂದೆವು. ಆ ಮನೆಯನ್ನು ತರಲಾಗಲಿಲ್ಲ. ಕಾಂಕ್ರೀಟಿನ ತಾರಸಿ, ಬಿಗಿಯಾದ ಕಿಟಕಿ ಇರುವ ಕೋಣೆಯಲ್ಲಿ ಅದೇ ಕೆಂಡ ಬೇರೆಯೇ ಕೆಂಡವಾಯಿತು.

ಹಿಮಾಚಲ, ಕಾಶ್ಮೀರ, ಲಡಾಖ್‌ಗಳಲ್ಲಿ ಬುಖಾರಿ ಎಂಬ ತಗಡಿನ ಒಲೆ ಉಂಟು. ಅದರ ಕೊಳವೆ ಮಾಡಿನಿಂದಲೋ ಕಿಟಕಿಯಿಂದಲೋ ಹೊರಕ್ಕೆ ಚಾಚಿರುತ್ತದೆ. ನಮ್ಮ ನೆರೆಯವರು ಅಂಥ ಮನೆಯಲ್ಲಿ ಬೆಳೆದವರು. ಕೊಳವೆಯಿಲ್ಲದ ಬೆಂಕಿಯನ್ನು ಮುಚ್ಚಿದ ಕೋಣೆಯಲ್ಲಿ ಕಂಡಕೂಡಲೇ ಅವರಿಗೆ ವಿಷಯ ಹೊಳೆಯಿತು. ಟ್ರೇಲರಿನ ಒಲೆಯ ಪಾಠವೂ ಇದೇ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಮಲಗುವ ಕೋಣೆಯಲ್ಲಿ ಕೆಂಡ ಇಡಬೇಡಿ. ಕಿಟಕಿ ಒಂದು ಬೆರಳಷ್ಟು ತೆರೆದಿದ್ದರೆ ಸಾಕೆಂಬ ಧೈರ್ಯವೂ ಬೇಡ. ಸಾಂಬ್ರಾಣಿ ಹಾಕಲೇಬೇಕೆಂದರೆ ಬಾಗಿಲು ಕಿಟಕಿ ತೆರೆದು ಒಂದು ಗಳಿಗೆ ಹಾಕಿ, ಕೆಂಡವನ್ನು ಕೂಡಲೇ ಹೊರಗಿಡಿ. ಅರ್ಧ ಆರಿದ ಕೆಂಡವನ್ನೂ ಒಳಗೆ ಬಿಡಬೇಡಿ. ಮುಂಬಯಿ, ಪುಣೆಯವರು ಚಳಿಯಿಲ್ಲವೆಂದು ನಗಬೇಡಿ: ಗಾಳಿಯಾಡದ ಬಚ್ಚಲಿನಲ್ಲಿ ಉರಿಯುವ ಗ್ಯಾಸ್ ಗೀಸರ್ ಕೂಡ ಇದೇ ಅನಿಲವನ್ನು ಹುಟ್ಟಿಸಬಲ್ಲದು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಊಟವನ್ನು ದೂರುವ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತನ್ನಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ವಿಷಾನಿಲಕ್ಕೆ ಕಿರುಚುವ ಆ ಪುಟ್ಟ ಯಂತ್ರ ಇಲ್ಲಿಯೂ ಸಿಗುತ್ತದೆ. ನಮ್ಮ ಮನೆಗೆ ತಂದಿದ್ದೇನೆ.

ಕೂಸಿಗೆ ಈಗ ಹತ್ತು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾನೆ. ಅತ್ತೆಯವರು ಊರಿಗೆ ಹೊರಡುವ ಮುನ್ನ ಆ ಅಂಗೀಠಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟು ಬಾಲ್ಕನಿಯಲ್ಲಿಟ್ಟು ಹೋದರು. ಚೆನ್ನಾಗಿ ಹಬ್ಬಿದೆ, ಮೊನ್ನೆ ಅದರದೇ ತಂಬುಳಿ ಮಾಡಿದ್ದೆವು. ಒಂದು ಬಟ್ಟಲು ಪಕ್ಕದ ಮನೆಗೂ ಹೋಯಿತು.